ಆಗಸ್ಟ್ ತನಕ ಉಳಿದ ಮೆಕ್ಕೆಜೋಳ: ಲೇಯರ್ ಫಾರಂನಲ್ಲಿ ನನ್ನ ಅನುಭವ

ಕೊಯ್ಲಿನ ಹೊತ್ತಲ್ಲಿ ಮೆಕ್ಕೆಜೋಳ ತುಂಬಿಟ್ಟು ಮುಂದಿನ ಆಗಸ್ಟ್ ತನಕ ಕೋಳಿಗೆ ಹಾಕ್ತೀನಿ ಅಂದಾಗ ನಮ್ಮ ಕಡೆಯ ಫಾರಂನವರು ಯಾರೂ ನಂಬಲಿಲ್ಲ. "ಏಪ್ರಿಲ್ ಹೊತ್ತಿಗೆ ಹಿಟ್ಟಾಗಿರುತ್ತೆ ನೋಡು" ಅಂದರು. ಫೀಡ್ ಮಾರುವವನಂತೂ "ದುಡ್ಡು ಜಾಸ್ತಿ ಇದ್ರೆ ನನ್ನ ಬಾಕಿ ತೀರಿಸಿ" ಅಂದ. 2024ರ ನವೆಂಬರಲ್ಲಿ ತುಂಬಿದ ಜೋಳದ ಕೊನೆಯ ಚೀಲ ಬಿಚ್ಚಿದ್ದು 2025ರ ಆಗಸ್ಟಲ್ಲಿ. ಹುಳ ಇರಲಿಲ್ಲ, ಬೂಷ್ಟು ವಾಸನೆ ಇರಲಿಲ್ಲ. ನಗುತ್ತಿದ್ದವರಲ್ಲಿ ಇಬ್ಬರು ಈಗ ಚೀಲ ಎಲ್ಲಿ ಸಿಗುತ್ತೆ ಅಂತ ಫೋನ್ ಮಾಡ್ತಾರೆ. ಅದಕ್ಕೇ ಬರೆಯೋಣ ಅನ್ನಿಸಿತು.

ನಮ್ಮದು ದಾವಣಗೆರೆ ಜಿಲ್ಲೆ ಹರಿಹರ ತಾಲೂಕು. ಮೊಟ್ಟೆ ಇಡುವ ಕೋಳಿ ಹದಿನೈದು ಸಾವಿರದ ಆಸುಪಾಸು, ಬಿವಿ 300 ಅನ್ನೋ ತಳಿ. ಸ್ವಂತದ್ದೊಂದು ಸಣ್ಣ ಮಿಲ್ ಇದೆ, ಒಂದು ಸಲಕ್ಕೆ ಅರ್ಧ ಟನ್ ಕಲೆಸುತ್ತೆ. ದಿನಕ್ಕೆ ಒಂದೂಮುಕ್ಕಾಲು ಟನ್ ಹತ್ತಿರ ಫೀಡ್ ಬೇಕು, ಅದರಲ್ಲಿ ಹೆಚ್ಚುಕಮ್ಮಿ ಅರ್ಧ ಮೆಕ್ಕೆಜೋಳ. ಅಂದರೆ ತಿಂಗಳಿಗೆ 25 ಟನ್‌ನ ಸುತ್ತಮುತ್ತ. ಮೊಟ್ಟೆಯ ಖರ್ಚಿನಲ್ಲಿ ಮುಕ್ಕಾಲು ಪಾಲು ಫೀಡೇ ಅನ್ನೋದು ನಿಮಗೆ ಗೊತ್ತಿರೋದೇ.

ಈ ಹುಚ್ಚು ಹಿಡಿದದ್ದಕ್ಕೆ ಕಾರಣ ಇದೆ. 2020ರ ಮಾರ್ಚಲ್ಲಿ ನಮ್ಮದೇ ತಾಲೂಕಿನ ಬನ್ನಿಕೋಡಿನಲ್ಲಿ ಹಕ್ಕಿಜ್ವರ ಬಂತು. ಅದೇ ತಿಂಗಳು, ಕೋಳಿ ತಿಂದರೆ ಕೊರೊನಾ ಬರುತ್ತೆ ಅಂತ ವಾಟ್ಸಾಪಲ್ಲಿ ಹರಡಿತು. ಗೋಕಾಕ ಕಡೆ ಬ್ರಾಯ್ಲರ್‌ನವರು ಜೀವಂತ ಕೋಳಿಗಳನ್ನೇ ಗುಂಡಿಗೆ ಹಾಕಿ ಮುಚ್ಚಿದರು. ನಮ್ಮ ಮೊಟ್ಟೆಯನ್ನು ಎರಡೂವರೆ ರೂಪಾಯಿಗೂ ಕೇಳುವವರಿರಲಿಲ್ಲ. ಮರುವರ್ಷ ಫೀಡಿಗೆ ಹಾಕೋ ಸೋಯಾ ಹಿಂಡಿ ಕಿಲೋಗೆ ನೂರು ರೂಪಾಯಿ ಮುಟ್ಟಿತು. ಆ ಆಗಸ್ಟಲ್ಲಿ ಕೇಂದ್ರದವರು 12 ಲಕ್ಷ ಟನ್ ಕುಲಾಂತರಿ ಸೋಯಾ ಹಿಂಡಿ ತರಿಸಲು ಒಪ್ಪಿಗೆ ಕೊಟ್ಟರು, ಆದರೆ ಅದು ಹಡಗಲ್ಲಿ ಬರುವಷ್ಟರಲ್ಲಿ ಸಣ್ಣವರು ಎಷ್ಟೋ ಜನ ಶೆಡ್ ಖಾಲಿ ಮಾಡಿದ್ದರು. ಸೋಯಾ ವಿಷಯದಲ್ಲಿ ನನ್ನ ಕೈಯಲ್ಲಿ ಏನೂ ಇಲ್ಲ. ಜೋಳ ಹಾಗಲ್ಲ. ದಾವಣಗೆರೆ, ಹಾವೇರಿ ಅಂದರೆ ಮೆಕ್ಕೆಜೋಳದ ಸೀಮೆ. ಬೇಲಿ ಆಚೆ ಬೆಳೆಯೋದನ್ನು ಆರು ತಿಂಗಳಾದ ಮೇಲೆ ದಲ್ಲಾಳಿ ಹತ್ತಿರ ಐದು ರೂಪಾಯಿ ಜಾಸ್ತಿ ಕೊಟ್ಟು ಯಾಕೆ ತಗೋಬೇಕು?

ಮೊದಲ ಸಲ 2022ರಲ್ಲಿ ತುಂಬಿದ್ದು ಬರೀ 40 ಟನ್. ಗೋಣಿಚೀಲ, ಹಳೇ ಶೆಡ್, ಕೆಳಗೆ ಹಲಗೆ. ಜೋಳ ಮುಟ್ಟಿದರೆ ಒಣಗಿದಂಗೇ ಇತ್ತು. ಜನವರಿಯಲ್ಲಿ ಸಾಲಿನ ಮಧ್ಯೆ ಕೈ ತೂರಿಸಿದರೆ ಬಿಸಿ, ಒಳ್ಳೇ ಜ್ವರ ಬಂದವರ ಹಣೆ ಮುಟ್ಟಿದಂಗೆ. ಚೀಲ ಬಿಚ್ಚಿದರೆ ಕಾಳಿನ ಮೂತಿಯಲ್ಲಿ ಹಸಿರು ಪುಡಿ. ಏಳೆಂಟು ಟನ್ ಪೂರ್ತಿ ಹೋಯಿತು. ಉಳಿದದ್ದನ್ನು ಟಾಕ್ಸಿನ್ ಬೈಂಡರ್ (ಬೂಷ್ಟಿನ ವಿಷ ಹಿಡಿದಿಡೋ ಪುಡಿ) ದುಪ್ಪಟ್ಟು ಹಾಕಿ ತಿನ್ನಿಸಿದರೂ ಪ್ರೊಡಕ್ಷನ್, ಅಂದರೆ ನೂರು ಕೋಳಿಗೆ ದಿನಕ್ಕೆ ಬರೋ ಮೊಟ್ಟೆ, 87ರಿಂದ 81ಕ್ಕೆ ಇಳಿಯಿತು. ಹಿಕ್ಕೆ ನೀರಾಯಿತು, ನೊಣ ಎದ್ದವು, ಊರವರು ಪಂಚಾಯ್ತಿಗೆ ಅರ್ಜಿ ಕೊಟ್ಟರು. ಒಂದೂವರೆ ಲಕ್ಷದ ಜೋಳ ಹೋದದ್ದಕ್ಕಿಂತ ಆ ಅರ್ಜಿಯ ಹಿಂದೆ ಓಡಾಡಿದ್ದೇ ಸುಸ್ತು.

2023ರಲ್ಲಿ ತೇವಾಂಶದ ಮೀಟರ್ ತಂದು ಕಟ್ಟುನಿಟ್ಟು ಮಾಡಿದೆ. ಜೋಳ ಬಿಸಿಯಾಗಲಿಲ್ಲ. ಈ ಸಲ ಬಂದದ್ದು ಮೂತಿಹುಳ ಮತ್ತು ಇಲಿ. ಫೆಬ್ರವರಿ ಕೊನೆಗೆ ಚೀಲ ಅಲ್ಲಾಡಿಸಿದರೆ ಹಿಟ್ಟು ಸುರಿಯುತ್ತಿತ್ತು. ಹುಳ ಸಾಯಿಸೋ ವಿಷದ ಹೊಗೆ ಮಾತ್ರೆ ಇಡುವವರನ್ನು ಕರೆಸಿ ಇಡಿಸಿದೆ. ಅದನ್ನು ಗೊತ್ತಿಲ್ಲದವರು ಮುಟ್ಟಲೇಬಾರದು, ಮನೆ ಹತ್ತಿರ ಅಂತೂ ಬೇಡವೇ ಬೇಡ, ಜೀವ ಹೋಗುತ್ತೆ. ಟಾರ್ಪಲ್ ಎಲ್ಲೋ ಹರಿದಿತ್ತು, ಹೊಗೆ ಸೋರಿತು, ಇಪ್ಪತ್ತು ದಿನಕ್ಕೆ ಹುಳ ಮತ್ತೆ ಹಾಜರ್. ಇದ್ದ ಜೋಳವನ್ನೆಲ್ಲ ಏಪ್ರಿಲ್ ಒಳಗೇ ತಿನ್ನಿಸಿ ಮುಗಿಸಬೇಕಾಯಿತು. ಹೊಟ್ಟೆ ಉರಿದದ್ದು ಆಮೇಲೆ. 2023ರ ಡಿಸೆಂಬರಲ್ಲಿ ಕೇಂದ್ರ ಸರ್ಕಾರ ಕಬ್ಬಿನ ಹಾಲಿನಿಂದ ಎಥನಾಲ್ ಮಾಡೋದಕ್ಕೆ ಕಡಿವಾಣ ಹಾಕಿತು, 2024ರ ಜನವರಿಯಲ್ಲಿ ಮೆಕ್ಕೆಜೋಳದ ಎಥನಾಲ್ ದರ ಲೀಟರಿಗೆ 71.86 ರೂಪಾಯಿ ಆಯಿತು. ಡಿಸ್ಟಿಲರಿಯವರು ಜೋಳಕ್ಕೆ ಮುಗಿಬಿದ್ದರು. 2024ರ ಬೇಸಿಗೆ ದಾಟುತ್ತಿದ್ದಂತೆ ನಾನು ಜೋಳ ತಗೊಂಡದ್ದು ಕ್ವಿಂಟಲಿಗೆ 2,600ರ ಮೇಲೆ. ನವೆಂಬರಲ್ಲಿ ಸುಮಾರು 2,050ಕ್ಕೆ ತುಂಬಿದ್ದ ಮಾಲು ಆಗ ಇದ್ದಿದ್ದರೆ!

ಈಗ ಮಾಡೋದು ಹೇಳ್ತೀನಿ.

ಮೊದಲು ಖರೀದಿ. ಮಂಡಿಯಲ್ಲಿ ತಗೊಳ್ಳಲ್ಲ, ಸುತ್ತಲಿನ ರೈತರ ಹತ್ತಿರವೇ. ಹಸಿ ಜೋಳ 18ರಿಂದ 22 ಪರ್ಸೆಂಟ್ ತೇವಾಂಶದಲ್ಲಿ ಬರುತ್ತೆ. ಮಂಡಿಯಲ್ಲಿ ಕೈಯಲ್ಲಿ ಹಿಡಿದು ನೋಡಿ "ಐದು ಕಿಲೋ ಕಡಿತ" ಅಂತ ಬಾಯಿಗೆ ಬಂದಂತೆ ಹೇಳ್ತಾರೆ. ನಾನು 12ಕ್ಕೆ ಒಣಗಿದ ತೂಕದ ಮೇಲೆ ದರ ಹೇಳ್ತೀನಿ. 20ರ ತೇವಾಂಶದ ನೂರು ಕಿಲೋ ತಂದರೆ 12ಕ್ಕೆ ಇಳಿಯುವಾಗ 91 ಕಿಲೋ ಆಗುತ್ತೆ. ಈ ಲೆಕ್ಕದ ಪಟ್ಟಿಯನ್ನು ದೊಡ್ಡ ಅಕ್ಷರದಲ್ಲಿ ಬರೆಸಿ ತೂಕದ ಮಷೀನ್ ಪಕ್ಕ ನೇತುಹಾಕಿದ್ದೀನಿ. ಮೊದಲ ವರ್ಷ ಜಗಳ ಆಯಿತು. ಆಮೇಲೆ ರೈತರೇ ಮನೆಯಲ್ಲಿ ಒಣಗಿಸಿ ತರೋಕೆ ಶುರು ಮಾಡಿದರು, ಒಣಗಿಸಿದ್ದಕ್ಕೆ ದುಡ್ಡು ಸಿಗುತ್ತೆ ಅಂತ ಗೊತ್ತಾಯಿತಲ್ಲ. ಮೀಟರ್ ಕೈಕೊಟ್ಟರೆ ಹಳೇ ಉಪ್ಪಿನ ಪರೀಕ್ಷೆ ಇದೆ: ಒಣ ಗಾಜಿನ ಬಾಟಲಿಗೆ ಒಣ ಉಪ್ಪು, ಒಂದು ಹಿಡಿ ಕಾಳು ಹಾಕಿ ಚೆನ್ನಾಗಿ ಅಲ್ಲಾಡಿಸಿ ಬಿಡಬೇಕು. ಉಪ್ಪು ಗಾಜಿಗೆ ಅಂಟಿದರೆ ತೇವ 15ರ ಮೇಲಿದೆ, ವಾಪಸ್ ಕಣಕ್ಕೆ.

ಎರಡನೇದು ಜರಡಿ. ನಿಜವಾದ ಕೆಲಸ ಇಲ್ಲೇ ಇರೋದು, ಆದರೆ ಎಲ್ಲರೂ ಚೀಲದ ಬಗ್ಗೆ ಕೇಳ್ತಾರೆ. ಬೂಷ್ಟು, ವಿಷ ಕೂತಿರೋದು ಹೆಚ್ಚಾಗಿ ಒಡೆದ ಕಾಳಿನಲ್ಲಿ, ನುಚ್ಚಿನಲ್ಲಿ, ಧೂಳಿನಲ್ಲಿ. ಹುಳ ಬೇಗ ಬೆಳೆಯೋದೂ ಅದರಲ್ಲೇ. ಒಕ್ಕಣೆ ಮಷೀನ್ ಜೋರಾಗಿ ಓಡಿಸಿದ ಮಾಲಿನಲ್ಲಿ ನೂರಕ್ಕೆ ಆರೇಳು ಕಿಲೋ ನುಚ್ಚು ಬರುತ್ತೆ. ಮೋಟಾರು ಕಟ್ಟಿದ ತಿರುಗೋ ಜರಡಿ ಮಾಡಿಸಿದೆ, ಹರಿಹರದಲ್ಲೇ ವೆಲ್ಡಿಂಗ್ ಶಾಪಲ್ಲಿ, ಹೆಚ್ಚುಕಮ್ಮಿ 45 ಸಾವಿರ. ತೂತು ಎಷ್ಟು ಎಂಎಂ, ಇಳಿಜಾರು ಎಷ್ಟು ಅಂತ ಇಲ್ಲಿ ಹೇಳಲ್ಲ. ಅದಕ್ಕೆ ನಾನು ಮೂರು ಜಾಲರಿ ಹಾಳು ಮಾಡಿದ್ದೀನಿ. ಉದುರಿದ ನುಚ್ಚನ್ನು ಕೋಳಿಗೆ ಹಾಕಲ್ಲ, ಹೊರಗೆ ಸಾಗಹಾಕ್ತೀನಿ.

ಈ ಹಂತದಲ್ಲಿ ಒಂದು ಚೇಷ್ಟೆಯೂ ಮಾಡಿದೆ. ಕಳ್ಳನೋಟು ನೋಡೋ ನೇರಳೆ ಬೆಳಕಿನ ಟಾರ್ಚ್ ಇರುತ್ತಲ್ಲ, ಅದನ್ನು ಕತ್ತಲೆ ಕೋಣೆಯಲ್ಲಿ ಒಡೆದ ಕಾಳಿನ ಮೇಲೆ ಬಿಟ್ಟರೆ ಕೆಲವು ಕಡೆ ಹಸಿರು ಹಳದಿ ಹೊಳಪು ಕಾಣುತ್ತೆ. ಅಫ್ಲಟಾಕ್ಸಿನ್ ಅನ್ನೋ ವಿಷ ಮಾಡುವ ಬೂಷ್ಟು ಬಂದು ಹೋಗಿರಬಹುದು ಅನ್ನೋ ಸುಳಿವು ಅದು. ಎಷ್ಟಿದೆ ಅಂತ ಅದು ಹೇಳಲ್ಲ, ಅದಕ್ಕೆ ಲ್ಯಾಬೇ ಬೇಕು. ನಾನು ಹೊಳಪು ಕಂಡ ಲೋಡ್‌ಗಳ ಸ್ಯಾಂಪಲ್ ಮಾತ್ರ ಲ್ಯಾಬಿಗೆ ಕಳಿಸ್ತೀನಿ. 20 ಪಿಪಿಬಿ (ನೂರು ಕೋಟಿ ಪಾಲಿನಲ್ಲಿ ಇಪ್ಪತ್ತು ಪಾಲು) ದಾಟಿದರೆ ಬೇಡ. ಎಲ್ಲ ಲೋಡನ್ನೂ ಟೆಸ್ಟ್ ಮಾಡಿಸುತ್ತಾ ಕೂತರೆ ಲಾಭ ಅಲ್ಲೇ ಹೋಗುತ್ತೆ.

ಮೂರನೇದು ಚೀಲ. ಮಾರ್ಚ್ ತನಕ ಖರ್ಚಾಗೋ ಜೋಳ ಸಾದಾ ಚೀಲದಲ್ಲೇ. ಅದರ ಮೇಲಿನದ್ದು, ಸುಮಾರು ನೂರು ಟನ್, ಗಾಳಿಯಾಡದ ಒಳಚೀಲದಲ್ಲಿ. ಕಾಳಿನ ಜೊತೆ ಒಳಗೆ ಹೋದ ಹುಳ ಇದ್ದ ಗಾಳಿ ಮುಗಿಸಿ ತಾನೇ ಸಾಯುತ್ತೆ, ಔಷಧಿ ಬೇಡ. 50 ಕಿಲೋ ಚೀಲ ನನಗೆ 90 ರೂಪಾಯಿ ಹತ್ತಿರ ಬಿತ್ತು. ಎರಡು ಸಾವಿರ ಚೀಲ ಅಂದರೆ 1 ಲಕ್ಷ 80 ಸಾವಿರ. ಹುಷಾರಾಗಿ ಬಿಚ್ಚಿದರೆ ಎರಡು ಮೂರು ಹಂಗಾಮು ಬರುತ್ತೆ. ಹಮಾಲರು ಕೊಕ್ಕೆ ಹಾಕಿ ಎತ್ತಿದರೆ ಒಂದೇ ಹಂಗಾಮೂ ಬರಲ್ಲ. ಕೊಕ್ಕೆ ಇಲ್ಲದೆ ಎತ್ತೋಕೆ ಚೀಲಕ್ಕೆ ಎರಡು ರೂಪಾಯಿ ಜಾಸ್ತಿ ಕೊಡ್ತೀನಿ. ಇಲಿಗೆ ಸಾಲು ಗೋಡೆಯಿಂದ ಎರಡಡಿ ದೂರ, ಬಾಗಿಲಿಗೆ ತಗಡು, ಇನ್ನೊಂದು ಉಪಾಯ ಇದೆ, ಅದು ನಮ್ಮಲ್ಲೇ ಇರಲಿ.

ಇನ್ನು ದುಡ್ಡು. 2024ರಲ್ಲಿ ತುಂಬಿದ್ದು 200 ಟನ್, ಒಣ ತೂಕಕ್ಕೆ ಕ್ವಿಂಟಲಿಗೆ 2,200ರ ಹಾಗೆ, 44 ಲಕ್ಷ ಆಯಿತು. ಅಷ್ಟು ನನ್ನ ಹತ್ತಿರ ಎಲ್ಲಿಂದ ಬರಬೇಕು? ಸ್ವಂತದ್ದು, ಮುದಿಕೋಳಿ ಮಾರಿದ್ದು, ಮನೆಯವರ ಬಂಗಾರದ ಮೇಲಿನ ಸಾಲ, ಉಳಿದದ್ದು ಬ್ಯಾಂಕ್. ಒಂದು ಬ್ಯಾಂಕಿನವರು "ಕೋಳಿ ಫಾರಂಗೆ ಇಷ್ಟೊಂದು ಸ್ಟಾಕ್ ಯಾಕೆ, ನೀವು ವ್ಯಾಪಾರಿನಾ?" ಅಂತ ಕೇಳಿ ಫೈಲ್ ಮೂಲೆಗೆ ಇಟ್ಟರು. ಇನ್ನೊಂದರಲ್ಲಿ ಆಯಿತು, ವರ್ಷಕ್ಕೆ ಹತ್ತೂವರೆ ಪರ್ಸೆಂಟ್ ಬಡ್ಡಿ. ಜೋಳ ತಿಂಗಳು ತಿಂಗಳು ಕರಗೋದರಿಂದ ಬಡ್ಡಿ ನೋಡೋಕೆ ಕಾಣುವಷ್ಟು ಬರಲ್ಲ, ಕಿಲೋಗೆ 80 ಪೈಸೆ. ಚೀಲ, ಹಮಾಲಿ, ಒಣಗಿಸೋದು ಸೇರಿ ಇನ್ನೊಂದು 85 ಪೈಸೆ. ಹೊರಗೆ ಅದೇ ಜೋಳ ಆ ತಿಂಗಳುಗಳಲ್ಲಿ ಸರಾಸರಿ ಎರಡು ಮುಕ್ಕಾಲು ರೂಪಾಯಿ ಜಾಸ್ತಿ ಇತ್ತು. ಅಂದರೆ ಕಿಲೋಗೆ ಒಂದು ರೂಪಾಯಿ ಮೇಲೆ ಚಿಲ್ಲರೆ ಉಳಿಯಿತು. ಎಲ್ಲಾ ಸೇರಿ ಎರಡು, ಎರಡೂಕಾಲು ಲಕ್ಷ.

ಇಷ್ಟಕ್ಕೇ ಇಷ್ಟು ಒದ್ದಾಟನಾ ಅಂತೀರಾ? ನನಗೂ ಹಾಗೇ ಅನ್ನಿಸಿತ್ತು. ಆದರೆ ಲಾಭ ದರದಲ್ಲಿ ಬರಲಿಲ್ಲ, ಜರಡಿಯಲ್ಲಿ ಬಂತು. ವರ್ಷಪೂರ್ತಿ ಒಂದೇ ಗುಣದ, ನುಚ್ಚಿಲ್ಲದ ಜೋಳ ತಿಂದ ಕೋಳಿ 87ರ ಬದಲು 89ರಲ್ಲಿ ನಿಂತಿತು. ಎರಡು ಪರ್ಸೆಂಟ್ ಅಂದರೆ ದಿನಕ್ಕೆ 300 ಮೊಟ್ಟೆ. ಐದು ರೂಪಾಯಿ ಹಿಡಿದರೂ ದಿನಕ್ಕೆ ಒಂದೂವರೆ ಸಾವಿರ, ತಿಂಗಳಿಗೆ 45 ಸಾವಿರ. ಬೈಂಡರ್ ಖರ್ಚು ಅರ್ಧಕ್ಕೆ ಬಂತು. ಹಿಕ್ಕೆ ಗಟ್ಟಿಯಾಗಿ ಬೀಳೋದರಿಂದ ಗೊಬ್ಬರ ಬೇಗ ಒಣಗುತ್ತೆ. ಚನ್ನಗಿರಿ ಅಡಿಕೆ ತೋಟದವರು ಒಣ ಗೊಬ್ಬರಕ್ಕೆ ಲೋಡಿಗೆ ಸಾವಿರ ಜಾಸ್ತಿ ಕೊಡ್ತಾರೆ, ನೊಣದ ದೂರೂ ನಿಂತಿತು. 2023ರಿಂದ ಐದು ಸಾವಿರಕ್ಕಿಂತ ಜಾಸ್ತಿ ಕೋಳಿ ಇರೋ ಫಾರಂಗಳು ಮಾಲಿನ್ಯ ನಿಯಂತ್ರಣ ಮಂಡಳಿಯ ಒಪ್ಪಿಗೆ ತಗೋಬೇಕು ಅಂತ ಆಯಿತು. ಆ ಫೈಲಿಗೆ ನೊಣದ ದೂರು ಒಂದು ಸೇರಿದರೆ ಏನಾಗುತ್ತೆ ಅಂತ ಅನುಭವಿಸಿದವರಿಗೆ ಗೊತ್ತು.

ಇದೇ ಜಾಗದಲ್ಲಿ ಒಂದು ಮಾತು. ನಾವು ಯಾರು ಅಂತ ಸರ್ಕಾರ ಇನ್ನೂ ತೀರ್ಮಾನ ಮಾಡಿಲ್ಲ. ಕೋಳಿ ಸಾಕೋದು ಕೃಷಿಯೇ, ಜಮೀನು ಪರಿವರ್ತನೆ ಬೇಡ ಅಂತ ನಮ್ಮ ಹೈಕೋರ್ಟ್ ಹೇಳಿದೆ. ಆದಾಯ ತೆರಿಗೆಯವರಿಗೆ ನಾವು ವ್ಯಾಪಾರಿಗಳು. ರಾಷ್ಟ್ರೀಯ ಜಾನುವಾರು ಮಿಷನ್‌ನಲ್ಲಿ ಕೋಳಿಗೆ ಅರ್ಧಕ್ಕರ್ಧ ಸಬ್ಸಿಡಿ, 25 ಲಕ್ಷದ ತನಕ ಅಂತ ಕೇಳಿ ಓಡಿ ಹೋದೆ. ಅದು ನಾಟಿ ತಳಿಯ ಮಾತೃಕೋಳಿ, ಹ್ಯಾಚರಿ ಮಾಡುವವರಿಗೆ. ನಮ್ಮಂಥ ಲೇಯರ್‌ನವರಿಗಲ್ಲ. ನಾಟಿಕೋಳಿಯವರಿಗೆ ಸಿಗಲಿ, ಬೇಡ ಅನ್ನಲ್ಲ. ಆದರೆ ಒಂದು ಡ್ರೈಯರ್, ಒಂದು ತಗಡಿನ ಕಣಜಕ್ಕೆ ಸಹಾಯ ಮಾಡಿದರೆ ಕೋಳಿಯವನೂ ಉಳೀತಾನೆ, ರಸ್ತೆ ಮೇಲೆ ಜೋಳ ಹರಡೋ ರೈತನೂ ಉಳೀತಾನೆ ಅಲ್ವಾ?

ಅಡ್ಡ ಪ್ರಯೋಗಗಳೂ ನಡೆದವು. ಜೋಳ ಎಥನಾಲ್‌ಗೆ ಹೋದ ಮೇಲೆ ಉಳಿಯೋ ಡಿಡಿಜಿಎಸ್ ಅಗ್ಗವಾಗಿ ಸಿಗುತ್ತೆ, ಸೋಯಾ ಕಡಿಮೆ ಮಾಡಬಹುದು ಅಂತ ಎಲ್ಲರೂ ಹಾಕ್ತಿದ್ದಾರೆ. ನಾನೂ ಹಾಕಿದೆ. 5 ಪರ್ಸೆಂಟ್ ತನಕ ತೊಂದರೆ ಇಲ್ಲ. ಎಂಟಕ್ಕೆ ಏರಿಸಿದಾಗ ಮೊಟ್ಟೆ ಸಣ್ಣದಾಯಿತು, ಹಿಕ್ಕೆ ಮತ್ತೆ ನೀರು. ಜೋಳದಲ್ಲಿದ್ದ ವಿಷ ಅದರಲ್ಲಿ ಮೂರು ಪಟ್ಟು ಗಟ್ಟಿಯಾಗಿ ಕೂತಿರುತ್ತೆ. ಕೆಟ್ಟ ಜೋಳವೇ ಡಿಸ್ಟಿಲರಿಗೆ ಹೋಗಿ ಹೊಸ ಚೀಲದಲ್ಲಿ ವಾಪಸ್ ಬಂದರೆ ಯಾರನ್ನು ಕೇಳೋದು? ಈಗ ನಾಲ್ಕಕ್ಕೆ ನಿಲ್ಲಿಸಿದ್ದೀನಿ.

ಅಕ್ಕಿ ನುಚ್ಚು ಹಾಕಿದ್ದು ಇನ್ನೊಂದು ಕಥೆ. ಗಂಗಾವತಿ ಕಡೆಯಿಂದ ಒಳ್ಳೇ ದರಕ್ಕೆ ಬಂತು. ಜೋಳದ ಅರ್ಧಕ್ಕೆ ಅದನ್ನೇ ಹಾಕಿದೆ. ಪ್ರೊಡಕ್ಷನ್ ಅಲ್ಲಾಡಲಿಲ್ಲ. ಹತ್ತು ಹನ್ನೆರಡು ದಿನಕ್ಕೆ ಬೇಕರಿಯವನು ಫೋನ್ ಮಾಡಿ, "ಅಣ್ಣ, ಏನಿದು ಮೊಟ್ಟೆ ಒಳಗೆ ಬಿಳೀನೇ ಇದೆ?" ಅಂದ. ಒಡೆದು ನೋಡಿದರೆ ಹಳದಿ ಭಾಗ ನಿಂಬೆಹಣ್ಣಿನ ರಸದ ಬಣ್ಣ. ಆ ಬಣ್ಣ ಬರೋದು ಮೆಕ್ಕೆಜೋಳದಿಂದಲೇ, ಅಕ್ಕಿಯಲ್ಲಿ ಏನೂ ಇಲ್ಲ. ಒಣಗಿಸಿದ ಚೆಂಡುಹೂವಿನ ಎಸಳಿನ ಪುಡಿ ಸೇರಿಸಿ ಸರಿ ಮಾಡಿದೆ. ಎಷ್ಟು ಸೇರಿಸಿದೆ ಅನ್ನೋದು ಹೇಳೋದಿಲ್ಲ, ಬೇಕರಿಯವನು ಈಗ ಬೇರೆ ಫಾರಂ ಮೊಟ್ಟೆ ಮುಟ್ಟಲ್ಲ. ಸಜ್ಜೆ 20 ಪರ್ಸೆಂಟ್ ತನಕ ಚೆನ್ನಾಗಿ ನಡೆಯುತ್ತೆ, ಕೊಪ್ಪಳದ ಕಡೆ ದರ ಬಿದ್ದಾಗ ಮಾತ್ರ. ನೀರಲ್ಲಿ ತೇಲಿ ಬೆಳೆಯೋ ಮೇವು ಅಜೋಲಾ ಬಗ್ಗೆ ಕೇಳಬೇಡಿ. ಹದಿನೈದು ಸಾವಿರ ಕೋಳಿಗೆ ಅಜೋಲಾ ಬೆಳೆಸೋಕೆ ಊರ ಕೆರೆನೇ ಬೇಕು.

ಈ ಎಲ್ಲದರಿಂದ ಒಂದು ದಾರಿ ತೆರೆಯಿತು, ಅದನ್ನು ಮೊದಲು ಲೆಕ್ಕ ಹಾಕಿರಲಿಲ್ಲ. ನನ್ನ ಜೋಳದ ಖರ್ಚು ನವೆಂಬರಲ್ಲೇ ಗೊತ್ತಾಗಿರುತ್ತಲ್ಲ, ಹಾಗಾಗಿ ಮೊಟ್ಟೆಗೂ ಒಂದು ನಿಂತ ದರ ಹೇಳಬಹುದು. ಮೊಟ್ಟೆಗೆ ದರ ಹೇಳೋ ರಾಷ್ಟ್ರೀಯ ಮೊಟ್ಟೆ ಸಮನ್ವಯ ಸಮಿತಿಯ (ಎನ್ಇಸಿಸಿ) ದರ ದಿನಾ ಏರುತ್ತೆ ಇಳಿಯುತ್ತೆ, ಅದರಲ್ಲಿ ವ್ಯಾಪಾರಿ ಹಿಡಿಯೋ ಕಡಿತ ಬೇರೆ. 2024ರಿಂದ ನಮ್ಮ ಸರ್ಕಾರಿ ಶಾಲೆಗಳಲ್ಲಿ ವಾರಕ್ಕೆ ಆರು ದಿನ ಮೊಟ್ಟೆ ಕೊಡ್ತಿದ್ದಾರೆ, ಅಜೀಂ ಪ್ರೇಮ್‌ಜಿ ಫೌಂಡೇಶನ್ ನೆರವಿನಿಂದ. ಆಗ ಮೊಟ್ಟೆಗೆ ಕೊಡ್ತಿದ್ದದ್ದು ಆರು ರೂಪಾಯಿ, ಅದರಲ್ಲೇ ಬೇಯಿಸೋದು, ಸುಲಿಯೋದು, ಸಾಗಿಸೋದು. 2025ರ ಕೊನೆಗೆ ಸಗಟು ದರವೇ ಆರು ದಾಟಿದಾಗ ಹೆಡ್ ಮಾಸ್ಟರುಗಳು ತಮ್ಮ ಜೇಬಿಂದ ಹಾಕುವಂತಾಯಿತು. ನಾನು ಹತ್ತಿರದ ಕೆಲವು ಶಾಲೆ, ಎರಡು ಹಾಸ್ಟೆಲ್, ಬೇಕರಿಗೆ ವರ್ಷಪೂರ್ತಿ ಒಂದೇ ದರ ಅಂತ ಮಾತಾಡಿದ್ದೆ. ದಿನದ 13 ಸಾವಿರದಲ್ಲಿ ಮೂರನೇ ಒಂದು ಪಾಲು ಹಾಗೆ ಹೋಗುತ್ತೆ. ಡಿಸೆಂಬರಲ್ಲಿ ಆ ಪಾಲಿನಲ್ಲಿ ನನಗೆ ನಷ್ಟ ಕಂಡಂತೆ ಇತ್ತು, ಮನೆಯಲ್ಲಿ ಬೈಸಿಕೊಂಡೆ. ಆದರೆ ಬೇಸಿಗೆಯಲ್ಲಿ ದರ ನಾಲ್ಕೂವರೆ ಮುಟ್ಟಿದಾಗ ಅದೇ ಪಾಲು ಸಂಬಳ ಕೊಟ್ಟಿತ್ತು. ಮಾತು ಮುರಿಯಲಿಲ್ಲ, ಈ ವರ್ಷ ಇನ್ನೆರಡು ಹಾಸ್ಟೆಲ್ ಸೇರಿವೆ.

ಕೊನೆಗೆ ಹಕ್ಕಿಜ್ವರ. 2025ರ ಫೆಬ್ರವರಿ, ಮಾರ್ಚಲ್ಲಿ ಮೊದಲು ಆಂಧ್ರದ ಗೋದಾವರಿ ಜಿಲ್ಲೆಗಳು, ಆಮೇಲೆ ಇಲ್ಲಿ ಚಿಕ್ಕಬಳ್ಳಾಪುರದ ವರದಹಳ್ಳಿ, ಸಂಡೂರಿನ ಕುರೆಕುಪ್ಪ. ರೋಗ ಖಚಿತ ಆದ ಮೇಲೆ ಸರ್ಕಾರದವರು ಕೊಂದ ಕೋಳಿಗೆ, ನಾಶ ಮಾಡಿದ ಮೊಟ್ಟೆ, ಫೀಡಿಗೆ ಮಾತ್ರ ಪರಿಹಾರ. ಅದಕ್ಕೆ ಮುಂಚೆ ತಾನಾಗಿ ಸತ್ತದ್ದಕ್ಕೆ ಇಲ್ಲ, ತಿಂಗಳುಗಟ್ಟಲೆ ಖಾಲಿ ಬೀಳೋ ಶೆಡ್‌ಗೂ ಇಲ್ಲ. ಹಾಗಿದ್ದಾಗ ಬೇಗ ಸುದ್ದಿ ಕೊಡೋನು ಯಾರು, ತಡ ಮಾಡೋನು ಯಾರು, ನೀವೇ ಯೋಚಿಸಿ. ಜೋಳದ ಟ್ರ್ಯಾಕ್ಟರ್ ಹತ್ತಾರು ಊರಿಂದ ಬರುತ್ತೆ, ಎಲ್ಲ ಅಂಗಳದಲ್ಲೂ ನಾಟಿಕೋಳಿ ಇರುತ್ತೆ. ಅದಕ್ಕೆ ಗೋದಾಮನ್ನು ಫಾರಂನಿಂದ ಇನ್ನೂರು ಮೀಟರ್ ಆಚೆ, ರಸ್ತೆ ಪಕ್ಕ ಕಟ್ಟಿದ್ದೀನಿ. ಹೊರಗಿನ ಚಕ್ರ ಅಲ್ಲೇ ನಿಲ್ಲುತ್ತೆ. ಒಳಗೆ ನಮ್ಮದೇ ಟ್ರೈಲರ್, ನಮ್ಮದೇ ಆಳು. ಪೇಪರ್ ಟ್ರೇ ವಾಪಸ್ ತಗೊಳ್ಳೋದು ಪೂರ್ತಿ ಬಿಟ್ಟೆ, ಪ್ಲಾಸ್ಟಿಕ್ ಟ್ರೇ ಮದ್ದುನೀರಲ್ಲಿ ಮುಳುಗಿ ಒಣಗಿದ ಮೇಲೆಯೇ ಒಳಕ್ಕೆ.

2025ರ ನವೆಂಬರಲ್ಲಿ ಜೋಳ ಬಿತ್ತು. ಬೆಂಬಲ ಬೆಲೆ 2,400 ಅಂತ ಘೋಷಣೆ, ನಮ್ಮ ಕಡೆ ಕೇಳ್ತಿದ್ದದ್ದು 1,700ರ ಸುತ್ತ. ಲಕ್ಷ್ಮೇಶ್ವರದಲ್ಲಿ, ಹಾವೇರಿಯಲ್ಲಿ ರೈತರು ಬೀದಿಗಿಳಿದರು. ಎಥನಾಲ್ ನಂಬಿ ಜಾಸ್ತಿ ಬಿತ್ತಿದವರು ಅವರೇ. ಕೋಳಿಯವರು ಒಳಗೊಳಗೇ ಖುಷಿಪಟ್ಟರು. ನನಗೆ ಆ ಖುಷಿ ಸರಿ ಕಾಣಲಿಲ್ಲ, ಅವರು ಮುಂದಿನ ಸಲ ಜೋಳ ಬಿಟ್ಟು ಬೇರೆ ಬಿತ್ತಿದರೆ ನಾವು ಮತ್ತೆ 2,600ಕ್ಕೆ ಹೋಗ್ತೀವಿ. ನನಗೆ ಖಾಯಂ ಕೊಡುವವರಿಗೆ ಮಂಡಿಗಿಂತ ಕ್ವಿಂಟಲಿಗೆ ನೂರೈವತ್ತು ಜಾಸ್ತಿ ಕೊಟ್ಟೆ. ಧರ್ಮಕ್ಕಲ್ಲ, ಒಣಗಿಸಿ ತರೋ ಕೈಗಳು ನನಗೆ ಬೇಕು. ಈ ಸಲ 240 ಟನ್ ತುಂಬಿದೆ, ಗೋದಾಮು ಸಾಲದೆ ಹಳೇ ಮರಿ ಶೆಡ್ಡನ್ನೂ ಸುಣ್ಣ ಹೊಡೆಸಿ ಬಳಸಿದ್ದೀನಿ.

ನೋಡಬೇಕು ಅನ್ನೋರು ಬನ್ನಿ. ಗೋದಾಮು, ಜರಡಿ ತೋರಿಸ್ತೀನಿ, ಕೋಳಿ ಶೆಡ್ ತೋರಿಸಲ್ಲ. ಬೆಳಗ್ಗೆ ನಿಮ್ಮ ಫಾರಂಗೆ ಹೋಗಿದ್ದರೆ ಅವತ್ತು ಬರಬೇಡಿ, ಸ್ನಾನ ಮಾಡಿ ಬಟ್ಟೆ ಬದಲಾಯಿಸಿ ಮಾರನೇ ದಿನ ಬನ್ನಿ. ಚಪ್ಪಲಿ ನಾನು ಕೊಡ್ತೀನಿ.